ಹಿಂದುಹಿಂದಾಗಿ ಗುಡ್ಡ ಹತ್ತಿದ ಹೊನ್ನೂರಸಾಬ

ಬಲು ಹಿಂದೆ ಒಂದು ಊರಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕಾರುಗಳಿದ್ದ ಕಾಲ, ಆದರೆ ಒಂದು ಕಾರು ಬಂದರೆ ಊರಿಗೆ ಊರೇ ಹೊರಗೆ ಬಂದು ನೋಡುತ್ತಿದ್ದ ಕಾಲ. ಕೆಂಪು ಅದಿರಿನ ಗುಡ್ಡದ ಬುಡದಲ್ಲಿದ್ದ ಆ ಊರಿನ ಹೆಸರು ಅಡಿಗಲ್ಲು. ಗುಡ್ಡದ ತುದಿಯಲ್ಲಿ ಇನ್ನೊಂದು ಊರು, ಅದು ನೆತ್ತಿಗಲ್ಲು. ನಡುವೆ ಒಂದು ದಾರಿ. ಹನ್ನೊಂದು ತಿರುವು ಎನ್ನುವವರಿದ್ದಾರೆ, ಇಪ್ಪತ್ತೊಂದು ಎನ್ನುವವರೂ ಇದ್ದಾರೆ. ನಾನು ಹನ್ನೊಂದು ಎಂದೇ ಹೇಳುತ್ತೇನೆ.

ಅಡಿಗಲ್ಲಿನಲ್ಲಿ ಹೊನ್ನೂರಸಾಬ ಎಂಬ ಮಿಸ್ತ್ರಿ ಇದ್ದ. ಮಿಸ್ತ್ರಿ ಎಂದರೆ ಗಾಡಿ ರಿಪೇರಿ ಮಾಡುವವನು. ಕೆಟ್ಟ ಎಂಜಿನ್ನಿಗೆ ಕಿವಿಗೊಟ್ಟು, ಎಲ್ಲಿ ನೋಯುತ್ತದೆ ಎಂದು ಹೇಳುತ್ತಿದ್ದನಂತೆ. ಅವನು ಕೆಮ್ಮಿದರೆ ನಿಂತ ಲಾರಿ ಹೊರಡುತ್ತಿತ್ತಂತೆ. ಇದನ್ನು ನಾನು ಪೂರ್ತಿ ನಂಬುವುದಿಲ್ಲ, ಆದರೆ ಹಾಗೆ ಹೇಳುತ್ತಾರೆ.

ಒಂದು ದಿನ ಯಾರೋ ದೊಡ್ಡ ಮನುಷ್ಯ ಹಳೆಯದೊಂದು ಕೆಂಪು ರೇಸ್ ಕಾರಿನಲ್ಲಿ ಬಂದ. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಎಂಜಿನ್ನು ಹಿಂದುಗಡೆ. ಗುಡ್ಡ ಹತ್ತಲು ಹೋದ, ಮೂರು ಸಲ ಜಾರಿ ಕೆಳಗೆ ಬಂದ. ನಾಲ್ಕನೆಯ ಸಲ ಕಾರನ್ನು ಹೊನ್ನೂರಸಾಬನ ಶೆಡ್ಡಿನ ಮುಂದೆ ಬಿಟ್ಟು, ಇದು ನಿನಗೇ ಇರಲಿ ಎಂದು ಹೇಳಿ ಬಸ್ಸು ಹತ್ತಿ ಹೋದನಂತೆ.

ಅದು ಜಾರುತ್ತಿದ್ದದ್ದು ಏಕೆ ಎಂದು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಏಳನೆಯ ತಿರುವಿಗೆ ಜೋಳದ ತಿರುವು ಎಂದು ಹೆಸರು. ಅಲ್ಲಿ ಜೋಳ ಬೆಳೆಯುವುದಿಲ್ಲ. ಅದಿರಿನ ಹರಳುಗಳು ಜೋಳದ ಕಾಳಿನಂತೆ ದುಂಡಗೆ ದಾರಿಯ ಎಡಕ್ಕೆ ಹರಡಿರುತ್ತವೆ. ಎತ್ತಿನ ಗೊರಸೂ ಅಲ್ಲಿ ನಿಲ್ಲುವುದಿಲ್ಲ, ಲಾರಿಗೆ ದಾರಿ ಸಾಲುವುದಿಲ್ಲ. ಇನ್ನು ಕಾರಿಗೆ ಬರೋಣ. ಎಂಜಿನ್ನಿನ ಬಲವನ್ನು ಗೇರಿಗೆ ತಂದು, ಅಲ್ಲಿಂದ ಎರಡು ಹಿಂದಿನ ಚಕ್ರಗಳಿಗೆ ಹಂಚುವ ಕೆಲಸವೆಲ್ಲ ಒಂದೇ ಪೆಟ್ಟಿಗೆಯಲ್ಲಿ ನಡೆಯುತ್ತದೆ. ಅದಕ್ಕೆ ಟ್ರಾನ್ಸ್‌ಆ್ಯಕ್ಸಲ್ ಎನ್ನುತ್ತಾರೆ. ನಾವು ಪೆಟ್ಟಿಗೆ ಎನ್ನೋಣ. ಸಾಮಾನ್ಯ ಪೆಟ್ಟಿಗೆಗೆ ಒಂದು ದೌರ್ಬಲ್ಯವಿದೆ. ಯಾವ ಚಕ್ರ ಸುಲಭವಾಗಿ ತಿರುಗುತ್ತದೋ ಬಲವನ್ನೆಲ್ಲ ಅದಕ್ಕೇ ಕೊಡುತ್ತದೆ. ಹರಳಿನ ಮೇಲಿನ ಚಕ್ರ ಸುಮ್ಮನೆ ಗಿರಗಿರ ಸುತ್ತುತ್ತದೆ, ಬಂಡೆಯ ಮೇಲಿನ ಚಕ್ರ ಸುಮ್ಮನೆ ನಿಲ್ಲುತ್ತದೆ. ಇನ್ನೊಂದು ಬಗೆಯ ಪೆಟ್ಟಿಗೆಯಿದೆ, ಲಿಮಿಟೆಡ್ ಸ್ಲಿಪ್ಪಿನದು. ಅದರೊಳಗಿನ ತಟ್ಟೆಗಳು ಒಂದನ್ನೊಂದು ಕಚ್ಚಿ ಹಿಡಿದು, ಜಾರುವ ಚಕ್ರವನ್ನು ತಡೆದು, ನಿಂತ ಚಕ್ರಕ್ಕೂ ಪಾಲು ಕೊಡುತ್ತವೆ. ಅಂಥ ಪೆಟ್ಟಿಗೆ ಹಾಕಿದರೆ ಈ ಕಾರು ಗುಡ್ಡ ಹತ್ತುತ್ತದೆ ಎಂದು ಹೊನ್ನೂರಸಾಬ ಹೇಳಿದ. ಯಾರೂ ಅವಸರ ಮಾಡಲಿಲ್ಲ. ಅವಸರ ಬಂದದ್ದು ಹುಲಿಗೆಮ್ಮನ ಮದುವೆಯಿಂದ.

ಹುಲಿಗೆಮ್ಮ ಮಿಸ್ತ್ರಿಯ ಪಕ್ಕದ ಮನೆಯ ಹುಡುಗಿ. ಚಿಕ್ಕಂದಿನಿಂದಲೂ ಒಂದು ಕಾಲು ಸೊಟ್ಟ, ಕೋಲು ಹಿಡಿದು ನಡೆಯುತ್ತಿದ್ದಳು. ನೆತ್ತಿಗಲ್ಲಿನ ಮಾರೆಪ್ಪ ಅವಳನ್ನು ಮೆಚ್ಚಿದ್ದ, ಅವಳೂ ಅವನನ್ನು ಮೆಚ್ಚಿದ್ದಳು. ಅವನನ್ನು ಸಾಕಿದ ಸೋದರಮಾವನ ಹೆಂಡತಿ ಈರಮ್ಮನಿಗೆ ಮಾತ್ರ ಮನಸ್ಸಿರಲಿಲ್ಲ. ನೆತ್ತಿಗಲ್ಲಿನಲ್ಲಿ ಒಂದು ಕಟ್ಟಳೆಯಿತ್ತು. ಹೆಗಲ ಮೇಲೆ ಹೋಗುವುದು ಹೆಣ ಮಾತ್ರ, ಆದ್ದರಿಂದ ಸೊಸೆಯಾಗುವವಳು ಯಾರ ಹೆಗಲ ಮೇಲೂ ಬರಬಾರದು. ನಡೆದು ಬರಬೇಕು, ಇಲ್ಲವೇ ಗಾಲಿಯ ಮೇಲೆ ಬರಬೇಕು, ಗೊತ್ತು ಮಾಡಿದ ದಿನ ಹೊತ್ತು ಮುಳುಗುವ ಮೊದಲು ಹೊಸ್ತಿಲು ದಾಟಬೇಕು. ಇಲ್ಲದಿದ್ದರೆ ಸಂಬಂಧ ಮುರಿದಂತೆ.

“ಬರ್ಲಿ ಬಿಡ್ರಿ, ನಾನೇನು ಬ್ಯಾಡ ಅಂದೆನಾ?” ಎಂದಳಂತೆ ಈರಮ್ಮ. ಬರಲಾರಳು ಎಂಬ ಧೈರ್ಯದಿಂದ ಆಡಿದ ಮಾತು ಅದು.

ಹೊನ್ನೂರಸಾಬ ಹೊರಟ. ಏಳು ಊರಿನ ಗುಜರಿ ಹುಡುಕಿದನಂತೆ. ಕೊನೆಗೆ, ಕಂದಕಕ್ಕೆ ಬಿದ್ದ ಒಂದು ರೇಸ್ ಕಾರಿನೊಳಗೆ ಬೇಕಾದ ಪೆಟ್ಟಿಗೆ ಸಿಕ್ಕಿತು. ಮದುವೆಗೆ ಎರಡೇ ದಿನ ಇತ್ತು. ಹಳೆಯದನ್ನು ಇಳಿಸಿದ, ಹೊಸದನ್ನು ಏರಿಸಿದ. ಬೋಲ್ಟಿನ ತೂತುಗಳು ಕೂಡಲಿಲ್ಲ, ನಡುವೆ ಕೂಡುವಂತೆ ಒಂದು ಕಬ್ಬಿಣದ ತಟ್ಟೆ ಕೊರೆದ. ಮದುವೆಯ ದಿನ ಮಧ್ಯಾಹ್ನ ಇಳಿದ ಮೇಲೆ ಕೊನೆಯ ಬೋಲ್ಟು ಬಿಗಿಯಿತು.

ಹುಲಿಗೆಮ್ಮ ಬಾಸಿಂಗ ಕಟ್ಟಿಕೊಂಡು ಹತ್ತಿ ಕೂತಳು. ಮಿಸ್ತ್ರಿ ಮೊದಲನೆಯ ಗೇರು ಹಾಕಿದ. ಕಾರು ಹಿಂದಕ್ಕೆ ಹೋಗಿ ಹುಲ್ಲಿನ ಬಣವೆಗೆ ಗುದ್ದಿತು. ಎರಡನೆಯ ಗೇರು ಹಾಕಿದ. ಇನ್ನಷ್ಟು ಜೋರಾಗಿ ಬಣವೆಯೊಳಕ್ಕೆ ಹೋಯಿತು.

ಹುಲಿಗೆಮ್ಮ ಬಾಸಿಂಗದ ಹುಲ್ಲು ಕೊಡವುತ್ತ, “ಯಾಕ ಕಾಕಾ, ಊರು ಬಿಟ್ಟು ಹೋಗಾಕ ನಿನ್ನ ಗಾಡಿಗೂ ಮನಸ್ಸಿಲ್ಲೇನು?” ಎಂದಳಂತೆ. ಜನ ನಕ್ಕರು. ಮಿಸ್ತ್ರಿ ನಗಲಿಲ್ಲ. ಆಗ ಜನರೂ ನಗು ನಿಲ್ಲಿಸಿದರು.

ಆದದ್ದು ಇಷ್ಟು. ಕಂದಕಕ್ಕೆ ಬಿದ್ದ ಕಾರಿನ ಎಂಜಿನ್ನು ಹಿಂದಿನ ಚಕ್ರಗಳ ಅಚ್ಚಿನ ಮುಂದೆ ಇತ್ತು, ಈ ಕಾರಿನದು ಅಚ್ಚಿನ ಹಿಂದೆ. ಪೆಟ್ಟಿಗೆಯನ್ನು ತಿರುಗಿಸಿ ಕೂರಿಸಿದ್ದರಿಂದ ಚಕ್ರಗಳೂ ತಿರುಗುಮುರುಗಾದವು. ಹಿಂದಕ್ಕೆ ಹೋಗಲು ನಾಲ್ಕು ಗೇರು, ಮುಂದಕ್ಕೆ ಹೋಗಲು ಒಂದೇ ಗೇರು. ಪೆಟ್ಟಿಗೆ ಬಿಚ್ಚಿ ಒಳಗಿನ ದೊಡ್ಡ ಹಲ್ಲುಗಾಲಿಯನ್ನು ಆಚೆ ಮಗ್ಗುಲಿಗೆ ಹಾಕಿದ್ದರೆ ಸರಿಹೋಗುತ್ತಿತ್ತು. ಅದು ಮಿಸ್ತ್ರಿಗೆ ಗೊತ್ತಿರಲಿಲ್ಲವೇ? ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಇನ್ನೊಬ್ಬ ಮಿಸ್ತ್ರಿ ಮುಚ್ಚಿದ ಪೆಟ್ಟಿಗೆಯನ್ನು, ಅದು ಕೆಟ್ಟ ಹೊರತು, ಬಿಚ್ಚಬಾರದು ಎಂದು ಅವನ ಉಸ್ತಾದ ಕಲಿಸಿದ್ದ. ಬಿಚ್ಚಿದರೆ ಆ ಕೈಯನ್ನು ನಂಬದೆ ಅವಮಾನ ಮಾಡಿದಂತೆ. ಹೊನ್ನೂರಸಾಬ ಜೀವಮಾನದಲ್ಲಿ ಆ ಮಾತು ಮೀರಿರಲಿಲ್ಲ. ಅಂದೂ ಮೀರಲಿಲ್ಲ, ಅದೇ ತಪ್ಪಾಯಿತು.

ಈಗ ಬಿಚ್ಚಲು ಎರಡು ದಿನ ಬೇಕು. ಹೊತ್ತು ಮುಳುಗಲು ಎರಡು ತಾಸು ಇತ್ತು.

ಮುಂದಕ್ಕಿದ್ದ ಒಂದೇ ಗೇರಿನಲ್ಲಿ ಹೊರಟರು. ಮೊದಲ ತಿರುವು ದಾಟಿತು, ಎರಡನೆಯದು ದಾಟಿತು. ಆದರೆ ಅದು ಹಿಂದಕ್ಕೆ ನಾಲ್ಕು ಮಾರು ಸರಿಯಲಿಕ್ಕೆಂದು ಮಾಡಿದ ಗೇರು, ಗುಡ್ಡ ಹತ್ತಲಿಕ್ಕಲ್ಲ. ಮೂರನೆಯ ತಿರುವಿನಲ್ಲಿ ಕರಕರ ಎಂದು ಅದರ ಹಲ್ಲುಗಳೆಲ್ಲ ಉದುರಿದವು. ಕಾರು ನಿಂತಿತು. ಕೆಳಗೆ ಊರು ಕಾಣುತ್ತಿತ್ತು, ಮೇಲೆ ಊರು ಕಾಣುತ್ತಿರಲಿಲ್ಲ. ಮಿಸ್ತ್ರಿ ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟು, ತಪ್ಪು ನನ್ನದು ಮಗಳೇ ಎಂದನಂತೆ.

“ತಪ್ಪು ಆಮ್ಯಾಲೆ ಹೇಳು. ಹಿಂದಕ್ಕ ಹೋಗೋ ಗೇರು ಎಷ್ಟ್ ಅದಾವು?” ಎಂದಳು ಹುಲಿಗೆಮ್ಮ.

“ನಾಕು.”

“ಹಂಗಾದ್ರ ಗಾಡಿ ತಿರುಗ್ಸು.”

ಅವನು ಬ್ರೇಕು ಹಿಡಿದು ಹಿಡಿದು, ತಿರುವಿನ ಅಗಲದ ಜಾಗಕ್ಕೆ ಕಾರನ್ನು ಉರುಳಬಿಟ್ಟು, ಮೂತಿ ಕೆಳಕ್ಕೆ ಬಾಲ ಮೇಲಕ್ಕೆ ಬರುವಂತೆ ತಿರುಗಿಸಿದ. ಮೊದಲನೆಯ ಗೇರು ಹಾಕಿ, ಕತ್ತು ತಿರುವಿ, ಹಿಂದಕ್ಕೆ ನೋಡುತ್ತ ಹತ್ತತೊಡಗಿದ. ನಾಲ್ಕು, ಐದು, ಆರು. ಅವನು ದಾರಿ ನೋಡುತ್ತಿದ್ದ, ಅವಳು ಊರು ನೋಡುತ್ತಿದ್ದಳು.

ಜೋಳದ ತಿರುವು ಬಂತು. ದಾರಿಯ ಎಡಕ್ಕಿದ್ದ ಚಕ್ರ ಹರಳು ಉಗುಳತೊಡಗಿತು. ಕಾರು ಒಂದು ಗೇಣು ಕೆಳಕ್ಕೆ ಜಾರಿತು, ಇನ್ನೊಂದು ಗೇಣು ಜಾರಿತು. ಹುಲಿಗೆಮ್ಮ ಕೋಲನ್ನು ಎದೆಗವಚಿಕೊಂಡಳು. ಆಗ ಪೆಟ್ಟಿಗೆಯೊಳಗೆ ತಟ್ಟೆಗಳು ಕಚ್ಚಿಕೊಂಡವು. ಬಂಡೆಯ ಮೇಲಿದ್ದ ಚಕ್ರಕ್ಕೆ ಪಾಲು ಬಂತು, ಅದು ಹಿಡಿಯಿತು, ಕಾರು ಮೆಲ್ಲಗೆ ಮೇಲಕ್ಕೆ ಹೋಯಿತು. ಆ ಪೆಟ್ಟಿಗೆ ಮುಚ್ಚಿದ, ತಾನು ಎಂದೂ ನೋಡದ ಮಿಸ್ತ್ರಿಯನ್ನು ಹೊನ್ನೂರಸಾಬ ನೆನೆದು, ನಿನ್ನ ಕೈ ತಣ್ಣಗಿರಲಿ ಎಂದನಂತೆ. ಅಡಿಗಲ್ಲಿನಲ್ಲಿ ಕತ್ತೆತ್ತಿ ನೋಡುತ್ತಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರಂತೆ, ಬಣವೆಯ ಹುಲ್ಲು ಹಾರಿತಂತೆ.

ನೆತ್ತಿಗಲ್ಲಿನಲ್ಲಿ ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು. ಕಾರು ಬಾಲ ಮುಂದಾಗಿ ಬಂದು ಅಂಗಳದಲ್ಲಿ ನಿಂತಿತು. ಮಾರೆಪ್ಪ ಓಡಿ ಬಂದ, ಎತ್ತಿಕೊಳ್ಳಬಾರದೆಂದು ನೆನಪಾಗಿ ನಿಂತ. ಹುಲಿಗೆಮ್ಮ ಇಳಿದು, ಕೋಲೂರಿ, ಎಂಟು ಹೆಜ್ಜೆ ನಡೆದಳು.

ಹೊಸ್ತಿಲಲ್ಲಿ ನಿಂತಿದ್ದ ಈರಮ್ಮ, “ಗಂಡನ ಮನಿಗೆ ಬೆನ್ನು ತೋರಿಸ್ಕೊಂತ ಬರೋದು ಯಾವ ಸೀಮಿ ಪದ್ಧತಿ?” ಎಂದಳು.

“ಅತ್ತೀ, ನಿಮ್ಮ ಮಕ ನೋಡಾಕ ಇನ್ನ ಆಯುಷ್ಯ ಪೂರಾ ಐತಿ. ನಮ್ಮೂರು ನೋಡಾಕ ಇವತ್ತೊಂದ ದಿನ ಇತ್ತು,” ಎಂದಳು ಹುಲಿಗೆಮ್ಮ.

ಈರಮ್ಮನೂ ಒಂದು ಕಾಲಕ್ಕೆ ಮದುಮಗಳಾಗಿ ಅಡಿಗಲ್ಲಿನಿಂದ ಹತ್ತಿ ಬಂದವಳಂತೆ. ಕೆಳಗೆ ಅಡಿಗಲ್ಲಿನ ಕಡೆ ನೋಡಿದಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಹೊನ್ನೂರಸಾಬನ ಕತ್ತು ಮಾತ್ರ ಎಡಕ್ಕೇ ತಿರುಗಿ ಉಳಿಯಿತಂತೆ, ಒಂದು ವಾರ ಎನ್ನುತ್ತಾರೆ, ಸಾಯುವವರೆಗೂ ಎನ್ನುತ್ತಾರೆ. ಮಾರನೆಯ ವಾರ ಅವನು ಪೆಟ್ಟಿಗೆ ಬಿಚ್ಚಿ ಹಲ್ಲುಗಾಲಿಯನ್ನು ಆಚೆಗೆ ಹಾಕಿದ. ಅಡಿಗಲ್ಲಿನ ಮಿಸ್ತ್ರಿಗಳು ಈಗಲೂ ಯಾವ ಪೆಟ್ಟಿಗೆ ಕೂರಿಸಿದರೂ ಗಾಡಿ ಎತ್ತಿ ನಿಲ್ಲಿಸಿ, ಕೈಯಿಂದ ಒಂದು ಸುತ್ತು ತಿರುಗಿಸಿ, ಚಕ್ರ ಯಾವ ಕಡೆಗೆ ಹೋಗುತ್ತದೆ ಎಂದು ನೋಡುತ್ತಾರೆ. ಅದಕ್ಕೆ ಸಾಬನ ಸುತ್ತು ಎಂದು ಹೆಸರು.

ಈಗ ಗುಡ್ಡಕ್ಕೆ ಟಾರು ದಾರಿಯಾಗಿದೆ, ಯಾವ ಗಾಡಿಯಾದರೂ ಹತ್ತುತ್ತದೆ. ಆದರೂ ಅಡಿಗಲ್ಲಿನ ಮದುಮಗಳನ್ನು ಕರೆದೊಯ್ಯುವವರು ಕೊನೆಯ ತಿರುವಿನಲ್ಲಿ ಗಾಡಿ ತಿರುಗಿಸಿ, ಅಲ್ಲಿಂದ ಮನೆಯ ಅಂಗಳದವರೆಗೆ ಹಿಂದುಹಿಂದಾಗಿಯೇ ಹೋಗುತ್ತಾರೆ. ಅಂಗಳ ಮುಟ್ಟಿದ ಮೇಲೆ ಡ್ರೈವರು, “ಊರು ಕಂಡಿತೇನವ್ವಾ?” ಎಂದು ಕೇಳುತ್ತಾನೆ. ಕಂಡಿತು ಎಂದು ಅವಳು ಹೇಳಿದ ಮೇಲೆಯೇ ಎಂಜಿನ್ನು ಆರಿಸುತ್ತಾನೆ.