ಒದ್ದೆ ಬಟ್ಟೆ ಹೊದಿಸಿದ ಬುಟ್ಟಿ

ಶಿಷ್ಯ ಕೇಳಿದ: “ಗುರುಗಳೇ, ಒಬ್ಬನಿಗೆ ಓದಿದ ಶಾಸ್ತ್ರದಲ್ಲಿ ನಂಬಿಕೆ ಹೊರಟುಹೋಗಿದೆ. ಅವನು ಮಠದಲ್ಲಿ ಇರಬೇಕೋ, ಬಿಟ್ಟು ಹೋಗಬೇಕೋ?”

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. “ಯಾರಪ್ಪ ಆ ಒಬ್ಬ?”

“ಬೇರೆ ಮಠದವನು. ನನಗೆ ಪರಿಚಯ. ಕೇಳಿಕೊಂಡು ಬಾ ಎಂದಿದ್ದಾನೆ.”

“ಆಗಲಿ. ಕೂತುಕೋ, ನೀನೂ ಸುಲಿ. ಕೇಳುವವನ ಕೈ ಖಾಲಿ ಇದ್ದರೆ ಕತೆ ಉದ್ದವಾಗುತ್ತದೆ” ಎಂದು ಗುರುಗಳು ಶುರುಮಾಡಿದರು.

ಒಬ್ಬ ವರ್ತಕನಿದ್ದ. ಮೆಣಸಿನ ವ್ಯಾಪಾರ. ಸಂತೆಯಲ್ಲೇ ಹುಟ್ಟಿ ಸಂತೆಯಲ್ಲೇ ಬೆಳೆದವನು ಎಂದು ಜನ ಅವನ ಬಗ್ಗೆ ಹೇಳುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದು ತಿಳಿದಿದ್ದ. ಅವನ ಅಪ್ಪ ಸಾಯುವಾಗ ಆಸ್ತಿಯ ಜೊತೆಗೆ ಒಂದು ಬುದ್ಧಿಮಾತನ್ನೂ ಬಿಟ್ಟುಹೋಗಿದ್ದ: “ಸಂತೆಯಲ್ಲಿ ನಿನ್ನ ಗರಜು ತೋರಿಸಬೇಡ. ತೋರಿಸಿದೆಯೋ, ಬೆಲೆ ಏರಿತು.” ಆಸ್ತಿ ಒಂದಿಷ್ಟು ಕರಗಿತು. ಮಾತು ಕರಗಲಿಲ್ಲ. ಹಸಿದಿದ್ದರೂ ಉಂಡು ತೇಗಿದವನ ಹಾಗೆ ಅಂಗಡಿ ಮೆಟ್ಟಿಲು ಹತ್ತುವುದು, ಬೇಕಾದುದನ್ನು ಬಿಟ್ಟು ಅದರ ಪಕ್ಕದ್ದನ್ನು ವಿಚಾರಿಸುವುದು ಅವನಿಗೆ ಉಸಿರಾಟದಷ್ಟೇ ಸಲೀಸಾಯಿತು. ಮಗಳ ಧಾರೆ ಸೀರೆ ಕೊಳ್ಳಲು ಹೋದಾಗಲೂ, “ಈ ಕಡೆ ಬಂದಿದ್ದೆ, ಸುಮ್ಮನೆ ನೋಡಿಕೊಂಡು ಹೋಗೋಣ ಅಂತ” ಎಂದಿದ್ದ.

ಒಮ್ಮೆ ಅವನು ತಮ್ಮನನ್ನು ಕರೆದುಕೊಂಡು ಹಡಗು ಹತ್ತಿ ಪರದೇಶಕ್ಕೆ ಹೋದ. ತಮ್ಮನಿಗೆ ಹಡಗಿನಲ್ಲೇ ಜ್ವರ ಹಿಡಿಯಿತು. ದಡ ಮುಟ್ಟುವ ಹೊತ್ತಿಗೆ ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲದಂತಾಯಿತು. ಗಂಜಿ ಕುಡಿಸಿದರೆ ಗಂಜಿ ಹೊರಗೆ, ನೀರು ಕುಡಿಸಿದರೆ ಅರ್ಧ ನೀರು ಹೊರಗೆ. ಅವರು ಇಳಿದುಕೊಂಡಿದ್ದ ಛತ್ರದ ಯಜಮಾನ ಬಂದು ನೋಡಿದ.

“ಇವತ್ತು ಸಂತೆ” ಎಂದ. “ಹೊಳೆಯಾಚೆಯಿಂದ ದೋಣಿಯಲ್ಲಿ ಹಣ್ಣು ಬರುತ್ತದೆ. ಮಾರುವವರನ್ನು ಕೇಳು, ಇವನ ಹೊಟ್ಟೆಗೆ ಹಿಡಿಯುವಂಥದ್ದನ್ನು ಆರಿಸಿ ಕೊಡುತ್ತಾರೆ. ದೋಣಿ ಹೋಯಿತು ಅಂದರೆ ಮತ್ತೆ ಮುಂದಿನ ವಾರವೇ.”

“ಅಣ್ಣಾ, ಬೇಗ ಬಂದುಬಿಡು” ಎಂದ ತಮ್ಮ.

ವರ್ತಕ ಓಡುನಡಿಗೆಯಲ್ಲಿ ಹೋದ. ತಮ್ಮನೆಂದರೆ ಅವನಿಗೆ ಪ್ರಾಣ. ಇದನ್ನು ನೆನಪಿಟ್ಟುಕೋ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ.

ಸಂತೆಯ ಬಾಗಿಲಿಗೆ ಬಂದದ್ದೇ ಅವನ ನಡಿಗೆ ನಿಧಾನವಾಯಿತು. ಅಲ್ಲಿದ್ದ ಒಂದು ಹಣ್ಣಿನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅಲ್ಲಿನ ಪದ್ಧತಿ ಇನ್ನೂ ವಿಚಿತ್ರ. ಕೊಳ್ಳುವವರು ಹಣ್ಣನ್ನು ಮುಟ್ಟುವ ಹಾಗಿಲ್ಲ. ಮುಂದೆ ಹೋಗಿ ನಿಲ್ಲಬೇಕು. ಮಾರುವವರು “ಯಾರಿಗೆ?” ಎಂದು ಕೇಳುತ್ತಾರೆ. ಹೇಳಿದ ಮೇಲೆ ಅವರೇ ಆರಿಸಿ ಕೊಡುತ್ತಾರೆ. ಒಬ್ಬ ಮುದುಕ, ಹೆಂಡತಿಗೆ ಹಲ್ಲು ಬಿದ್ದಿವೆ ಎಂದ. ಒಬ್ಬಾಕೆ, ಸೊಸೆ ಬಸುರಿ, ಹುಳಿ ಕೇಳುತ್ತಾಳೆ ಎಂದಳು. ವರ್ತಕನಿಗೆ ಅಯ್ಯೋ ಅನ್ನಿಸಿತು. ಮನೆಯ ಗುಟ್ಟನ್ನೆಲ್ಲ ತಂದು ತಕ್ಕಡಿಗೆ ಸುರಿಯುತ್ತಿದ್ದಾರಲ್ಲ, ಈ ಜನ ಉದ್ಧಾರವಾಗುವುದು ಹೇಗೆ?

ಅವನು ಒಬ್ಬ ಹೆಂಗಸಿನ ಮುಂದೆ ನಿಂತು ಆಕಾಶ ನೋಡಿದ. ಬಂದರಿನಲ್ಲಿ ಕಲಿತ ಹರಕುಮುರುಕು ಭಾಷೆ ಅವನಿಗೆ ಬರುತ್ತಿತ್ತು.

“ಯಾರಿಗೆ?” ಎಂದಳು ಅವಳು.

“ನನಗೇ.”

“ಹೊಟ್ಟೆ ಗಟ್ಟಿ ಇದೆಯಾ?”

“ಕಲ್ಲು ತಿಂದು ಕರಗಿಸುತ್ತೇನೆ.”

ಅವಳು ಮುಂದಿನ ರಾಶಿಯಿಂದ ದಪ್ಪ ಸಿಪ್ಪೆಯ ಹಣ್ಣುಗಳನ್ನು ತೆಗೆದಳು. ಅವಳ ಮೊಣಕಾಲಿನ ಹತ್ತಿರ ಒದ್ದೆ ಬಟ್ಟೆ ಹೊದಿಸಿದ ಒಂದು ಬುಟ್ಟಿ ಇತ್ತು. ವರ್ತಕ ಮುಖ ಬೇರೆ ಕಡೆ ತಿರುಗಿಸಿಕೊಂಡೇ, “ಅದೇನದು?” ಎಂದ.

“ಅದು ಕಾಯಿಲೆಯವರಿಗೆ. ನಿನಗೆ ಯಾಕೆ?”

ವರ್ತಕ ಒಳಗೊಳಗೇ ನಕ್ಕ. ಅವನ ಅಂಗಡಿಯ ಹಿಂದುಗಡೆಯೂ ಒಂದು ಮೂಟೆ ಇತ್ತು. ಗಿರಾಕಿ ಅದರತ್ತ ನೋಡಿದರೆ, “ಅದು ನಿಮಗಲ್ಲ ಬಿಡಿ” ಎನ್ನುತ್ತಿದ್ದ. ಗಿರಾಕಿ ಅದೇ ಬೇಕು ಎಂದು ಹಟ ಹಿಡಿಯುತ್ತಿದ್ದ. ಎದುರಿನ ರಾಶಿಯ ಮೆಣಸನ್ನೇ ಅದಕ್ಕೆ ತುಂಬಿಸಿದವನು ಇವನು. ‘ಇವಳಿಗೂ ಯಾರೋ ಅಪ್ಪ ಹೇಳಿಕೊಟ್ಟಿದ್ದಾನೆ’ ಎಂದುಕೊಂಡ.

“ನನಗೆ ಯಾಕೆ, ಸುಮ್ಮನೆ ಕೇಳಿದೆ” ಎಂದ.

ಅಷ್ಟಕ್ಕೇ ಬಿಡಲಿಲ್ಲ, ಚೌಕಾಸಿಯನ್ನೂ ಮಾಡಿದ. ಅವಳು ಮರುಮಾತಿಲ್ಲದೆ ಬೆಲೆ ಇಳಿಸಿದಳು. ಗಟ್ಟಿ ಹೊಟ್ಟೆಯವರ ಹಣ್ಣು ಆ ಸಂತೆಯಲ್ಲಿ ಅಗ್ಗವೇ. ವರ್ತಕನಿಗೆ ಅದು ಗೊತ್ತಿರಲಿಲ್ಲ. ಗೆದ್ದೆ ಎಂದುಕೊಂಡು ಬಂದ.

ಅಣ್ಣ ತಂದದ್ದು ಎಂದು ತಮ್ಮ ಕಷ್ಟಪಟ್ಟು ಒಂದಿಷ್ಟು ತಿಂದ. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಂಡಿತು. ಒಳಗೆ ಉಳಿದಿದ್ದ ನೀರೂ ಹೊರಗೆ ಬಂತು. ವರ್ತಕ ಸಂತೆಗೆ ಓಡಿದ, ಈ ಸಲ ಬಾಗಿಲಲ್ಲಿ ನಿಧಾನ ಮಾಡದೆ. ದೋಣಿಗಳು ಹೋಗಿದ್ದವು. ಬಯಲಿನಲ್ಲಿ ದನಗಳು ಸಿಪ್ಪೆ ತಿನ್ನುತ್ತಿದ್ದವು. ನೆಲ ಗುಡಿಸುವವನಿಗೆ, ಮೀನಿನ ಬಲೆ ಒಣಗಿಸುವವನಿಗೆ, ದಾರಿಯಲ್ಲಿ ಕಂಡವರಿಗೆಲ್ಲ, “ನನ್ನ ತಮ್ಮನಿಗೆ, ಕಾಯಿಲೆ ನನ್ನ ತಮ್ಮನಿಗೆ” ಎಂದು ಹೇಳಿದ. ಕೇಳಿದವರು ಪಾಪ ಎಂದರು. ಅವರ ಹತ್ತಿರ ಹಣ್ಣಿರಲಿಲ್ಲ.

ಮುಂದಿನ ಸಂತೆಯವರೆಗೆ ತಮ್ಮ ಬದುಕಲಿಲ್ಲ.

ಆ ಬುಟ್ಟಿಯ ಹಣ್ಣು ತಿಂದಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಹಣ್ಣಿಗೆ ಅಂಥ ಮಹಿಮೆ ಇರುತ್ತದೆ ಎಂದು ನಾನು ಹೇಳುವವನೂ ಅಲ್ಲ. ವರ್ತಕ ಊರಿಗೆ ಮರಳಿದ. ಏನಾಯಿತು ಎಂದು ಕೇಳಿದವರಿಗೆ, ಆ ದೇಶದ ಹಣ್ಣು ಒಳ್ಳೆಯದಲ್ಲ ಎಂದ.

ಗುರುಗಳು ಸುಲಿದ ಸಿಪ್ಪೆಯನ್ನು ಒಂದು ಕಡೆ ಒಟ್ಟಿದರು.

“ಎಂಥ ದಡ್ಡ” ಎಂದ ಶಿಷ್ಯ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಅವಳಾಗಿಯೇ ಕೇಳಿದಳಲ್ಲ ಗುರುಗಳೇ. ಇದ್ದದ್ದನ್ನು ಇದ್ದ ಹಾಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.”

“ಸಾಕಿತ್ತು” ಎಂದರು ಗುರುಗಳು.

ಶಿಷ್ಯನ ಕೈಯಲ್ಲಿದ್ದ ಕಾಯಿ ಅರ್ಧ ಸುಲಿದು ನಿಂತಿತು.

“ಈಗ ಹೇಳು, ಹಣ್ಣು ಯಾರಿಗೆ?”