ಆಚೆ ದಡಕ್ಕೆ ಬೆನ್ನು

ಶಿಷ್ಯ ಗುರುಮಲ್ಲ ಕೇಳಿದ: "ಬುದ್ಧಿ, ಮಠಕ್ಕೆ ಬಂದು ಇಷ್ಟು ಕಾಲವಾಯಿತು. ಧ್ಯಾನಕ್ಕೆ ಕೂತರೆ ಮನಸ್ಸು ಒಮ್ಮೆ ಈ ಕಡೆ ಎಳೆಯುತ್ತದೆ, ಒಮ್ಮೆ ಆ ಕಡೆ. ನಾನು ಎಲ್ಲಿಯವರೆಗೆ ಬಂದಿದ್ದೇನೆ, ಹೇಳಿ. ಏನೂ ಆಗಿಲ್ಲವೆಂದರೆ ಊರಿಗೆ ಹೋಗಿಬಿಡುತ್ತೇನೆ."

ಸ್ವಾಮಿಗಳು ಈ ಪ್ರಶ್ನೆಯನ್ನು ಅವನ ಬಾಯಿಂದ ಮೊದಲೂ ಕೇಳಿದ್ದರು. ಗಂಟುಮೂಟೆ ಆಮೇಲೆ ಕಟ್ಟುವೆಯಂತೆ, ಈಗ ಕೂತುಕೋ ಎಂದು ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಬ್ಬಳು ಸೂಲಗಿತ್ತಿ ಇದ್ದಳು. ಇದ್ದೊಬ್ಬ ಮಗಳನ್ನು ಆಚೆ ದಡದ ಊರಿಗೆ ಕೊಟ್ಟಿದ್ದಳು. ಹಿಂದಿನ ಹೆರಿಗೆಗೆ ಇವಳು ಹೋಗಿ ಸೇರುವಷ್ಟರಲ್ಲಿ ಮಗು ಕೈತಪ್ಪಿತ್ತು. ಈಗ ಮಗಳಿಗೆ ಮತ್ತೆ ದಿನ ತುಂಬುತ್ತ ಬಂದಿತ್ತು. ಕಡವಿನ ಅಂಬಿಗನಿಗೆ ವಯಸ್ಸಾಗಿ ತೋಳು ಸೋತಿತ್ತು. ನೀನೇ ಕಲಿತುಕೋ ಎಂದು ಅವನು ದೋಣಿಯ ಹುಟ್ಟುಗಳನ್ನು ಅವಳ ಕೈಗೆ ಕೊಟ್ಟ. ಕೈಗೊಂದು ಹುಟ್ಟು. ಎಳೆಯುವವರು ಹೋಗುವ ದಡಕ್ಕೆ ಬೆನ್ನು ಮಾಡಿ, ಬಿಟ್ಟ ದಡಕ್ಕೆ ಮುಖ ಮಾಡಿ ಕೂರಬೇಕು.

ಸೂಲಗಿತ್ತಿ ಎಳೆದಳು. ದೋಣಿ ಎಡಕ್ಕೆ ತಿರುಗಿತು. ಎಡಗೈಗೆ ಬಲ ಸಾಲದು ಎಂದುಕೊಂಡು ಮನೆಯ ರಾಗಿಯನ್ನೆಲ್ಲ ಎಡಗೈಯಲ್ಲೇ ಬೀಸಿದಳು. ಮತ್ತೆ ಬಂದು ಎಡಗೈಗೆ ಜೋರು ಕೊಟ್ಟಳು. ಈಗ ಬಲಕ್ಕೆ ತಿರುಗಿತು. ಸರಿಮಾಡಿದರೆ ಪುನಃ ಎಡಕ್ಕೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಅರ್ಧ ಹೊಳೆಯನ್ನೂ ದಾಟದೆ ವಾಪಸು ಬರುತ್ತಿದ್ದಳು.

ಒಂದು ದಿನ ಹುಟ್ಟುಗಳನ್ನು ದೋಣಿಯೊಳಗೆ ಎಸೆದು ಅತ್ತುಬಿಟ್ಟಳು. "ಈ ಎಡಗೈಯಿಂದ ಈ ಮಗೂನೂ ಕಳ್ಕೋತೀನಿ ಕಣಣ್ಣ."

"ಕೈ ಏನ್ ಮಾಡೀತು, ಪಾಪ," ಎಂದ ಅಂಬಿಗ. "ತಪ್ಪಿರೋದು ನಿನ್ ಕತ್ತಲ್ಲಿ ಕಣವ್ವ. ಮಗಳ ಮನೆ ಇನ್ನೆಷ್ಟು ದೂರ ಅಂತ ಗಳಿಗೆಗೊಂದ್ಸಲ ಎಡಕ್ಕೆ ತಿರುಗಿ ನೋಡ್ತೀಯ. ನೋಡ್ದಾಗೆಲ್ಲ ಆ ಕೈ ಸಡಿಲ ಆಯ್ತದೆ. ನಾನು ಈ ದಡದಲ್ಲೇ ನಿಂತಿರ್ತೀನಿ. ನನ್ ರುಮಾಲೂ, ನನ್ನ ಹಿಂದಿರೋ ಹೊಂಗೆ ಮರಾನೂ ಒಂದೇ ಸಾಲಲ್ಲಿ ಕಾಣ್ತಿದ್ರೆ ದೋಣಿ ನೆಟ್ಟಗೆ ಹೋಯ್ತದೆ. ಅಷ್ಟು ನೋಡು, ಸಾಕು."

ಮಗಳಿಗೆ ನೋವು ಕಾಣಿಸಿದ ದಿನ ಆಚೆ ದಡದಿಂದ ಅಳಿಯ ಕೂಗಿದ. ಸೂಲಗಿತ್ತಿ ದೋಣಿ ಹತ್ತಿದಳು. ಬೆನ್ನ ಹಿಂದೆ ಕೂಗು ಜೋರಾಗುತ್ತಲೇ ಇತ್ತು. ಏನಾಯಿತೋ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಆದರೂ ಕತ್ತು ತಿರುಗಿಸಲಿಲ್ಲ. ರುಮಾಲು, ಮರ. ರುಮಾಲು, ಮರ. ಎರಡೂ ಚಿಕ್ಕವಾಗುತ್ತ ಹೋದವು. ದೋಣಿಯ ತಳ ಮರಳಿಗೆ ತಾಗಿದಾಗಲೇ ದಡ ಬಂತೆಂದು ಅವಳಿಗೆ ತಿಳಿದದ್ದು. ಮೊಮ್ಮಗಳು ಅವಳ ಕೈಗೇ ಬಂದಳು. ಬಂದ ಕೂಡಲೇ ಅತ್ತಳು.

ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಮಲ್ಲನ ಮುಖ ತಿಳಿಯಾಗಿತ್ತು. "ಅರ್ಥವಾಯಿತು ಬುದ್ಧಿ. ಊರಿಗೆ ಹೋಗುವುದಿಲ್ಲ," ಎಂದು ಕೈಮುಗಿದು ಎದ್ದ. ಹೊರಟವನು ಬಾಗಿಲಲ್ಲಿ ನಿಂತು ಕೇಳಿದ:

"ಹಾಗಾದರೆ ಬುದ್ಧಿ, ಈಗ ನಾನು ದಡಕ್ಕೆ ಸ್ವಲ್ಪ ಹತ್ತಿರ ಬಂದ ಹಾಗಾಯಿತೇ?"

ಸ್ವಾಮಿಗಳು ನಕ್ಕರು. "ತಿರುಗಿಸಿದೆಯಲ್ಲಪ್ಪ ಕತ್ತನ್ನು!"