ದನಿ ಮರಳಿಸದ ಬಲೆ

ಡಾಲ್ಫಿನ್ನುಗಳ ಒಂದು ಹಿಂಡಿಗೆ ಹಿರಿಯಕ್ಕ ಒಬ್ಬಳಿದ್ದಳು. ಎಂಥ ಕದಡಿದ ನೀರಿನಲ್ಲೂ ಅವಳು ಒಂದು ದನಿ ಬಿಟ್ಟು, ಅದು ಮರಳಿ ಬರುವ ಬಗೆಯಿಂದಲೇ ಇದು ಬಂಡೆ, ಇದು ದೋಣಿ, ಇದು ಬಂಗುಡೆ ಮೀನು ಎಂದು ಹೇಳಿಬಿಡುತ್ತಿದ್ದಳು. ದಾರಿ ನೋಡಲು ಅವಳು ಮುಂದೆ ಹೋಗುವುದು, ತಾವು ಬಿಟ್ಟ ದನಿ ಅವಳ ಮೈಗೆ ತಾಗಿ ಮರಳುವುದನ್ನು ನಂಬಿ ಉಳಿದವರು ಹಿಂದೆ ಬರುವುದು ಹಿಂಡಿನ ಪದ್ಧತಿ.

ಹೊಳೆಯ ಕೆಂಪು ನೀರು ಕಡಲಿಗೆ ಬಿದ್ದು ಏನೂ ಕಾಣದಾಗಿದ್ದ ಒಂದು ದಿನ, ಮುಂದೆ ಹೋಗುತ್ತಿದ್ದ ಅಕ್ಕನನ್ನು ಲೋಳೆಮೀನೊಂದು ತಡೆಯಿತು.

"ಅಕ್ಕಾ, ಮುಂದೆ ಹೋಗಬೇಡಿ. ಬಲೆ ಕಟ್ಟಿದ್ದಾರೆ."

ಅಕ್ಕ ದನಿ ಬಿಟ್ಟಳು. ಏನೂ ಮರಳಲಿಲ್ಲ. "ಬಲೆ ಇದ್ದಿದ್ದರೆ ನನಗೆ ಉತ್ತರ ಕೊಡುತ್ತಿತ್ತು. ಅಲ್ಲಿ ಏನೂ ಇಲ್ಲ."

"ಅದರ ನೂಲು ಬಲು ಸಣ್ಣದು. ನಿಮ್ಮ ದನಿ ಬಲೆಯ ಕಣ್ಣುಗಳಲ್ಲಿ ತೂರಿಹೋಗುತ್ತದೆ. ನನ್ನ ಮೈಯೂ ಬರೀ ನೀರು. ನಾನು ಪಕ್ಕದಲ್ಲಿದ್ದದ್ದೇ ನಿಮಗೆ ತಿಳಿಯಲಿಲ್ಲವಲ್ಲ."

"ದನಿ ಮರಳಿಸಲೂ ಬಾರದ ನಿನ್ನ ಮಾತಿಗೆ ಏನು ತೂಕ?" ಎಂದು ಅಕ್ಕ ಮುನ್ನುಗ್ಗಿದಳು.

ನೂಲು ಮೊದಲು ಮೂತಿಗೆ, ಆಮೇಲೆ ಈಜುರೆಕ್ಕೆಗೆ ಸುತ್ತಿಕೊಂಡಿತು. ಉಸಿರಿಗೆಂದು ಮೇಲೇರಲು ಒದ್ದಾಡಿದಷ್ಟೂ ಬಲೆ ಬಿಗಿಯಿತು. ಹಿಂದೆ ಬರುವವರನ್ನು ಕೂಗಲು ಅವಳಲ್ಲಿ ಉಸಿರೇ ಉಳಿಯಲಿಲ್ಲ.

ತುಸು ಹೊತ್ತಿಗೆ ಹಿಂಡು ದನಿ ಬಿಟ್ಟಿತು. ಸತ್ತವಳ ಮೈಯಿಂದಲೂ ಅದು ಎಂದಿನಷ್ಟೇ ಚೆನ್ನಾಗಿ ಮರಳಿತು.

"ಅಕ್ಕ ಮುಂದೆಯೇ ಇದ್ದಾಳೆ, ದಾರಿ ಸಲೀಸಾಗಿದೆ" ಎಂದುಕೊಂಡು ಎಲ್ಲರೂ ಅತ್ತಲೇ ಹೊರಟರು. ನಡುವೆ ಯಾರೋ ಬೇಡ, ಬೇಡ ಎಂದಂತಾಯಿತು. ದನಿ ಬಿಟ್ಟು ನೋಡಿದರು. ಅಲ್ಲಿ ಯಾರೂ ಇರಲಿಲ್ಲ.